ಕುಬಸಕ್ಕೆ ಮಡಿಚಿದ ಕಾಗದದ ಬಟ್ಟಲುಗಳು

ಅಟ್ಟದ ಮೇಲೆ ಇಡೀ ಓಣಿಗೆ ಸಾಲುವಷ್ಟು ಸ್ಟೀಲಿನ ತಾಟು, ಬಟ್ಟಲುಗಳು ಬೋರಲು ಬಿದ್ದಿರುವಾಗ, ತನ್ನ ಸೀಮಂತದ ಕುಬಸಕ್ಕೆ ಬಂದವರಿಗೆ ಕಾಗದ ಮಡಿಚಿ ಮಾಡಿದ ಬಟ್ಟಲಿನಲ್ಲಿ ಫಳಾರ ಕೊಡೋಣ ಎಂದು ಮಗಳು ಅಂದಾಗ ನನಗೆ ಸಿಟ್ಟೇ ಬಂದಿತು. ನಾನು ಸಿಟ್ಟಿನವಳು, ಅದನ್ನು ಮುಚ್ಚಿಡುವುದೇನು. ಮನೆಯಲ್ಲೇ ಯಂತ್ರ ಇಟ್ಟುಕೊಂಡು ಊರ ಹೆಂಗಸರ ಕುಪ್ಪಸ ಹೊಲಿಯುವವಳಿಗೆ ಸಿಟ್ಟು ಬಾರದಿದ್ದರೆ ಹೇಗೆ? ಎಲ್ಲರಿಗೂ ನಾಳೆಯೇ ಬೇಕು. ಎಲ್ಲರಿಗೂ ಹೋದ ಸಲಕ್ಕಿಂತ ಒಂದು ಬೆರಳು ಸಡಿಲ ಬೇಕು, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ನೋಡಿ ತಿಳಿದುಕೊಳ್ಳಬೇಕು.

“ಕಟಕೋಳದಿಂದ ಬೀಗರು ಬರತಾರ. ಅವರ ಮುಂದ ಹಾಳಿ ಮಡಿಚಿ ಇಡತೀಯೇನ? ಬಸ್‌ ಸ್ಟ್ಯಾಂಡಿನ್ಯಾಗ ಶೇಂಗಾ ಮಾರಾವ್ರ ಗತೆ?” ಅಂದೆ.

ಮಗಳು ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದವಳು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಅದರಲ್ಲಿ ಯಾವುದೋ ದೇಶದ ಹೆಣ್ಣುಮಗಳ ಎರಡು ಕೈ ಮಾತ್ರ ಕಾಣುತ್ತಿದ್ದವು. ಚೌಕದ ಹಾಳೆಯ ನಾಲ್ಕೂ ಮೂಲೆಗಳನ್ನು ನಡುವಿಗೆ ತಂದು, ತಿರುವಿ, ಮತ್ತೆ ಮಡಿಚಿ, ಕೊನೆಗೆ ಒಳಗಿನ ಎಸಳುಗಳನ್ನು ಒಂದೊಂದಾಗಿ ಬಿಡಿಸಿದಾಗ ಅಂಗೈಯಗಲದ ತಾವರೆಯಂಥ ಬಟ್ಟಲು ಎದ್ದು ನಿಂತಿತು. ಆ ಕೈಗಳು ಅದರಲ್ಲಿ ನಾಲ್ಕೇ ನಾಲ್ಕು ಬಿಸ್ಕೀಟು ಇಟ್ಟವು. ಚೆಂದವಿತ್ತು, ಸುಳ್ಳು ಹೇಳಬಾರದು. ಆದರೆ ನಾಲ್ಕು ಬಿಸ್ಕೀಟಿಗೆ ನಮ್ಮ ಕಡೆ ಯಾರೂ ಫಳಾರ ಅನ್ನುವುದಿಲ್ಲ.

“ಡಾಕ್ಟರು ತಿರಗಾಡಬ್ಯಾಡ ಅಂದಾರ. ನೀ ಅಡಗಿ ಮನ್ಯಾಗ ಕಾಲ ಇಡಗೊಡಂಗಿಲ್ಲ. ಕೈಗೆ ಏನರ ಬೇಕಲ್ಲವಾ ನನಗ?” ಅಂದಳು ಮಗಳು.

ಏಳನೆಯ ತಿಂಗಳ ಬಸುರಿ. ಪಾದಗಳು ಊದಿಕೊಂಡಿದ್ದವು. ಹಾಳೆ ತಂದುಕೊಡುತ್ತೇನೆ ಎಂದು ಒಪ್ಪಿಕೊಂಡೆ.

ಅಸಲಿಗೆ ಆ ದಿನಗಳಲ್ಲಿ ನಮ್ಮ ಮನೆಯ ಚಿಂತೆ ತಾಟು ಬಟ್ಟಲಿನದಾಗಿರಲಿಲ್ಲ, ನಮ್ಮ ಅತ್ತೆಯವರದಾಗಿತ್ತು. ಹಿಂದಿನ ದೀಪಾವಳಿ ಕಳೆದ ಮೇಲೆ ಅವರಿಗೆ ಲಕ್ವ ಹೊಡೆದಿತ್ತು. ಧಾರವಾಡದ ದವಾಖಾನೆಯಲ್ಲಿ ಕೆಲವು ದಿನ ಇದ್ದು ಬಂದರು. ಮಾತು ತಿರುಗಿ ಬಂತು. ಎಳೆದುಕೊಂಡಾದರೂ ಕಾಲು ನಡೆಯಿತು. ಬಲಗೈ ಮಾತ್ರ ಬರಲಿಲ್ಲ. ಮೊಣಕೈವರೆಗೆ ಒಂದಿಷ್ಟು ಜೀವ ಇತ್ತು, ಅದರ ಕೆಳಗೆ ಎಡಗೈ ಎತ್ತಿ ಇಟ್ಟಲ್ಲಿ ಇರುತ್ತಿತ್ತು.

ಅತ್ತೆ ಹೂಲಿಯ ಮಗಳು. ಮದುವೆಯಾಗಿ ಸವದತ್ತಿಗೆ ಬಂದಾಗಿನಿಂದ ಈ ಮನೆಯಿಂದ ಹೊರಟವರ ಕೈಗೆ ಏನಾದರೊಂದು ಹಾಕದೆ ಕಳಿಸಿದವರಲ್ಲ. ಬೆಲ್ಲದ ಹೆಂಟೆ, ಒಂದು ಹಿಡಿ ಚುರಮರಿ, ಹುರಿದ ಶೇಂಗಾ, ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆ. ಹುಣ್ಣಿಮೆಗೆ ದೇವಿಯ ಗುಡ್ಡಕ್ಕೆ ಹೊರಟ ಗುರುತಿಲ್ಲದ ಮಂದಿ ನೀರು ಕೇಳಲು ನಿಂತರೂ ಅಷ್ಟೇ, ಕರೆಂಟಿನ ಮೀಟರ್ ನೋಡಲು ಬಂದವನೂ ಬಾಯಾಡಿಸುತ್ತಲೇ ಮೆಟ್ಟಿಲಿಳಿಯಬೇಕು. ನಾನು ಬೈಲಹೊಂಗಲದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ಇದನ್ನು ನೋಡಿ ಬೆರಗಾಗಿದ್ದೆ. ನನ್ನ ತವರಿನಲ್ಲೂ ಬಂದವರಿಗೆ ಚಹಾ ಕೊಡುತ್ತಾರೆ, ಆದರೆ ಹೋಗುವವರ ಹಿಂದೆ ಹೀಗೆ ಬೀಳುವುದಿಲ್ಲ.

ಕೈ ಹೋದ ಮೇಲೆ ಎಲ್ಲ ನಿಂತಿತು. ಎಡಗೈಯಿಂದ ತಿನ್ನುವುದನ್ನು ಕೊಡುವುದೆಂದರೆ ಬೈದು ಕೊಟ್ಟಂತೆ ಎಂದು ಅವರ ಭಾವನೆ. ಯಾರಾದರೂ ಬಾಗಿಲಲ್ಲಿ “ಅವ್ವಾರ” ಎಂದು ಕೂಗಿದರೆ ಸಾಕು, ಅತ್ತೆ ಕಾಲೆಳೆಯುತ್ತ ಒಳಕೋಣೆ ಸೇರುತ್ತಿದ್ದರು. ಸೋತ ಕೈ ಸೆರಗಿನೊಳಗೆ. ನನಗೂ ಅದನ್ನು ತೋರಿಸುತ್ತಿರಲಿಲ್ಲ. ಅದಕ್ಕೆ ಎಣ್ಣೆ ತಿಕ್ಕುವುದು ಅವರ ಮಗನ ಕೆಲಸ, ಮಗಳು ಹೆರಿಗೆಗೆ ಬಂದ ಮೇಲೆ ಅವಳದು. ನಾನು ಎಣ್ಣೆಯ ಬಟ್ಟಲು ಹಿಡಿದು ಹೋದರೆ, “ಅಲ್ಲೇ ಇಟ್ಟು ಹೋಗವಾ, ನಿನಗ ಹೊಲಿಗಿ ಭಾಳ ಇರತಾವು” ಅನ್ನುತ್ತಿದ್ದರು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಬೆಂದವರು ನಾವು, ನನ್ನೆದುರು ಏನು ನಾಚಿಕೆ ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ. ಉರಿ ಅನ್ನುವುದಕ್ಕಿಂತ ಅದು ನೋವೇ ಇತ್ತು.

ಒಮ್ಮೆ ತಾಳ್ಮೆಗೆಟ್ಟು ಕೇಳಿಯೇಬಿಟ್ಟೆ.

“ಅತ್ತೀರಿ, ದಿನಾ ಮುಂಜಾನೆ ಲಿಂಗಾ ಯಾವ ಕೈಯಾಗ ಇಟಗೊಂಡು ಪೂಜಿ ಮಾಡ್ತೀರಿ?”

“ಎಡಗೈಯಾಗ.”

“ಮತ್ತ? ದೇವರಿಗೆ ನಡಿಯೂ ಕೈ ಮಂದಿಗೆ ಯಾಕ ನಡಿಯಂಗಿಲ್ಲ?”

“ದೇವರು ಎಲ್ಲಾ ಬಲ್ಲಾಂವ. ಮಂದಿ ಹಂಗಲ್ಲಲ್ಲ” ಅಂದರು. ನಾನು ಎದ್ದು ಹೋಗಿ ಯಂತ್ರ ತುಳಿದೆ.

ಮಗಳನ್ನು ಬೆಳೆಸಿದ್ದು ಅತ್ತೆ. ನಾನು ಹೊಲಿಗೆಯಲ್ಲಿ ಮುಳುಗಿದ್ದಾಗ ಅವಳಿಗೆ ಉಣಿಸಿದ್ದು, ತಲೆ ಹಿಕ್ಕಿದ್ದು, ಶಾಲೆಯಿಂದ ಕರೆತಂದದ್ದು ಎಲ್ಲ ಅವರೇ. ಹಾಗಾಗಿ ಕುಬಸದ ದಿನ ಗೊತ್ತಾದ ಕೂಡಲೇ ಮಗಳು ಅಜ್ಜಿಯೆದುರೇ ಕಡ್ಡಿ ಮುರಿದಂತೆ ಹೇಳಿದಳು:

“ನನ್ನ ಉಡಿ ಮೊದಲ ಆಯಿನ ತುಂಬಬೇಕು. ಆಕಿ ಹೊರಗ ಬರಂಗಿಲ್ಲಂದ್ರ ನಾ ಮಣಿ ಮ್ಯಾಲ ಕೂಡಂಗಿಲ್ಲ.”

“ದೇವರ ಕ್ವಾಣ್ಯಾಗ ಕುಂತು ಹರಸತೇನಿ, ಅಷ್ಟ ಸಾಕು,” ಅಂದರು ಅತ್ತೆ. “ಬೀಗರ ಮುಂದ ಈ ಸತ್ತ ಕೈ ತಗೊಂಡು ಬರ್ಲೇನು? ಹುಟ್ಟೂ ಕೂಸಿಗೆ ಅದು ಛಲೋ ಅಲ್ಲ.”

ಅಜ್ಜಿ ಮೊಮ್ಮಗಳು ಇಬ್ಬರದೂ ಒಂದೇ ಹಠ. ಮಾವನವರು ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ “ಹೆಣ್ಣಮಕ್ಕಳ ಕಾರಭಾರ, ನನ್ನ ಕೇಳಬ್ಯಾಡ್ರಿ” ಎಂದು ಜಾರಿಕೊಂಡರು. ನನ್ನ ಗಂಡ ಅವರ ಮಗನೇ ತಾನೇ, ಅವರೂ ಜಾರಿಕೊಂಡರು. ನಡುವೆ ಸಿಕ್ಕವಳು ನಾನು. ಅತ್ತೆ ಹೊರಗೆ ಬರದಿದ್ದರೆ ಈ ಕುಬಸ ಮಗಳ ಕಣ್ಣೀರಿನಲ್ಲಿ ನಡೆಯುತ್ತದೆ ಎಂದು ನನಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಈ ಸಲ ಬರದಿದ್ದರೆ ಅತ್ತೆ ಮುಂದೆಂದೂ ಆ ಕೋಣೆ ಬಿಟ್ಟು ಬರಲಾರರು ಎಂಬ ಅಂಜಿಕೆ.

ಹಾಳೆ ತರಲು ಬಜಾರಿಗೆ ಹೋದೆ. ದಪ್ಪ ಹಾಳೆ ತಾ ಎಂದು ಮಗಳು ಒತ್ತಿ ಹೇಳಿದ್ದಳು. ಅಂಗಡಿಯವನ ಹತ್ತಿರ ದಪ್ಪನೆಯದು ಮಣ್ಣಿನ ಬಣ್ಣದ್ದು ಮಾತ್ರ ಇತ್ತು. ಪಕ್ಕದಲ್ಲೇ ಮಿಂಚುವ ಗುಲಾಬಿ, ಗಿಳಿಹಸಿರು, ಅರಿಷಿಣ ಬಣ್ಣದ ತೆಳು ಹಾಳೆಗಳ ಕಟ್ಟು. ಕುಬಸಕ್ಕೆ ಯಾರಾದರೂ ಮಣ್ಣಿನ ಬಣ್ಣ ಒಯ್ಯುತ್ತಾರೆಯೇ? ಹಸಿರು ಸೀರೆ ಉಟ್ಟು, ಹಸಿರು ಬಳೆ ಇಟ್ಟುಕೊಂಡು ಕೂಡುವ ಹುಡುಗಿಯ ಮುಂದೆ? ಮಿಂಚುವುದನ್ನೇ ಕಟ್ಟಿಸಿಕೊಂಡು ಬಂದೆ. ಮಗಳು ಬೆರಳಲ್ಲಿ ತಿಕ್ಕಿ ನೋಡಿ, “ತೆಳ್ಳಗ ಐತ್ಯಲ್ಲವಾ” ಅಂದಳು. “ಎರಡೆರಡು ಕೂಡಿಸಿ ಮಡಿಚು” ಎಂದು ನಾನು ಅಡುಗೆಮನೆಗೆ ನಡೆದೆ.

ಮಡಿಚುವ ಕೆಲಸ ಅತ್ತೆಯವರ ಕೋಣೆಯಲ್ಲೇ ಶುರುವಾಯಿತು, ಯಾಕೆಂದರೆ ಮಗಳು ದಿನವಿಡೀ ಅಲ್ಲೇ ಬಿದ್ದಿರುತ್ತಿದ್ದಳು. ಸೆಕೆ, ಮೇಲೆ ಫ್ಯಾನು. ಫ್ಯಾನಿನ ಗಾಳಿಗೆ ಹಾಳೆಗಳು ಕೋಣೆಯ ತುಂಬ ಹಾರಾಡತೊಡಗಿದವು. ಬಸುರಿ ಎಷ್ಟು ಸಲ ಬಗ್ಗಿಯಾಳು? ನಾನು ಒಂದು ಭಾರ ಹುಡುಕಿ ತರೋಣವೆಂದು ಎದ್ದೆ. ಅಷ್ಟರಲ್ಲಿ ಮಗಳು ಅಜ್ಜಿಯ ಸೆರಗಿನೊಳಗೆ ಕೈ ಹಾಕಿ, ಆ ಬಲಗೈಯನ್ನು ಹೊರಗೆ ತೆಗೆದು, ಹಾಳೆಯ ಕಟ್ಟಿನ ಮೇಲೆ ಇಟ್ಟುಬಿಟ್ಟಳು.

“ಆಯೀ, ನಿನ್ನ ಕೈ ನನಗ ಸ್ವಲ್ಪ ಹೊತ್ತು ಬಾಡಗಿ ಕೊಡು” ಅಂದಳು.

ಅತ್ತೆ ತಮ್ಮ ಕೈಯನ್ನು ನೋಡಿದರು, ಅದರ ಕೆಳಗೆ ಪಟಪಟ ಅನ್ನುತ್ತಿದ್ದ ಗುಲಾಬಿ ಹಾಳೆಗಳನ್ನು ನೋಡಿದರು. ಆಮೇಲೆ ನಕ್ಕರು. ಲಕ್ವ ಹೊಡೆದ ಮೇಲೆ ಅವರ ನಗು ಒಂದು ಕಡೆಗೆ ಎಳೆಯುತ್ತಿತ್ತು, ಅದಕ್ಕೇ ಅವರು ನಗುವುದನ್ನೇ ಬಿಟ್ಟಿದ್ದರು. “ಬಾಡಗಿ ಏನ ಕೊಡತಿ?” ಅಂದರು. “ಒಂದು ಮರಿಮೊಮ್ಮಗ” ಅಂದಳು ಮಗಳು. “ಮರಿಮೊಮ್ಮಗಳ ಆದ್ರ ಒಯ್ಯಿ, ಗಂಡಾದ್ರ ಬಾಡಗಿ ಹೆಚ್ಚು” ಎಂದು ಅತ್ತೆ ತಿರುಗಿ ಅಂದರು. ನಾನು ಬಾಗಿಲಲ್ಲೇ ನಿಂತು ಸೆರಗಿನಿಂದ ಮುಖ ಒರೆಸಿಕೊಂಡೆ. ಸೆಕೆ ಎಂದು ಅವರು ತಿಳಿದುಕೊಂಡಿರಬೇಕು.

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಮೂವರೂ ಅದೇ ಕೆಲಸಕ್ಕೆ ಕೂಡುತ್ತಿದ್ದೆವು. ಬಲಗೈ ಹಾಳೆಯನ್ನು ಒತ್ತಿ ಹಿಡಿಯುವುದು, ಎಡಗೈ ಹೆಬ್ಬೆರಳಿನ ಉಗುರು ಮಡಿಕೆಯ ಮೇಲೆ ಗೆರೆ ಎಳೆಯುವುದು, ಹೀಗೆ ಅತ್ತೆ ಮೂಲೆ ಮಡಿಚುವುದನ್ನು ಕಲಿತರು. ಎಸಳು ಬಿಡಿಸುವುದು ಮಗಳ ಕೆಲಸ. ನನಗೆ ಮಾತ್ರ ಈ ವಿದ್ಯೆ ಹತ್ತಲಿಲ್ಲ. ಬಟ್ಟೆ ಮಡಿಚಿದ ಕೈ ನನ್ನದು. ಬಟ್ಟೆಯಲ್ಲಿ ತಪ್ಪಿದರೆ ಬಿಚ್ಚಿ ಇಸ್ತ್ರಿ ಎಳೆದರಾಯಿತು. ಕಾಗದ ಮಾತ್ರ ಒಮ್ಮೆ ಮಡಿಚಿದ್ದನ್ನು ಮರೆಯುವುದಿಲ್ಲ, ತಪ್ಪಿದ ಗೆರೆಯಲ್ಲೇ ಮತ್ತೆ ಮತ್ತೆ ಮಡಿಚಿಕೊಳ್ಳುತ್ತದೆ. ನನ್ನ ಮೊದಲ ಬಟ್ಟಲನ್ನು ಮಗಳು ತನ್ನ ಮುಷ್ಟಿಯ ಮೇಲೆ ಹಾಕಿ, “ಅವ್ವ ಕೂಸಿಗೆ ಕುಲಾವಿ ಮಾಡ್ಯಾಳ ನೋಡ ಆಯೀ” ಎಂದು ಕುಣಿಸಿದಳು. ನಾನು ಮುನಿಸಿಕೊಂಡು ಚೌಕ ಕತ್ತರಿಸುವ ಕೆಲಸಕ್ಕೆ ಇಳಿದೆ. ಕತ್ತರಿ ನನ್ನ ಮಾತು ಕೇಳುತ್ತದೆ.

ಬಟ್ಟಲು ಗಟ್ಟಿಯಿವೆಯೇ ಎಂದು ನೋಡಿದ್ದೂ ಉಂಟು. ಎರಡು ಬಟ್ಟಲಲ್ಲಿ ಚುರಮರಿ ತುಂಬಿ ಕೋಣೆಯಲ್ಲಿ ಅತ್ತಿತ್ತ ಓಡಾಡಿದೆ. ಒಂದು ಕಾಳೂ ಬೀಳಲಿಲ್ಲ. ಚುರಮರಿಗೆ ಭಾರವೇ ಇಲ್ಲ ಎಂಬುದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಅತ್ತೆ ಬಟ್ಟಲು ಮಡಿಚಿದರು, ನಕ್ಕರು, ಕೂಸಿನ ಮಾತಾಡಿದರು. ಆದರೆ ಹೊರಗೆ ಬರುತ್ತೇನೆ ಎಂದು ಮಾತ್ರ ಅನ್ನಲಿಲ್ಲ. ಪಕ್ಕದ ಮನೆಯವಳು ಮಜ್ಜಿಗೆ ಕೇಳಲು ಬಂದರೂ ಬಲಗೈ ಹಾಳೆಯ ಕಟ್ಟಿನ ಮೇಲಿನಿಂದ ಎದ್ದು ಸೆರಗಿನೊಳಗೆ ಹೋಗುತ್ತಿತ್ತು. ಕುಬಸದ ಹಿಂದಿನ ದಿನ ಮಗಳು ಮತ್ತೆ ಕೇಳಿದಳು. ಅತ್ತೆ ಅವಳ ತಲೆ ಸವರಿ, “ಹಠ ಮಾಡಬ್ಯಾಡ, ನಿನ್ನ ಅವ್ವ ತುಂಬತಾಳ” ಅಂದರು. ಮಗಳು ಗೋಡೆಯ ಕಡೆ ಹೊರಳಿ ಮಲಗಿದಳು. ನನಗೆ ಇಬ್ಬರ ಮೇಲೂ ಸಿಟ್ಟು, ಇಬ್ಬರ ಮೇಲೂ ಅಳು. ರವೆ ಹುರಿಯುತ್ತ ನಿಂತೆ.

ಮರುದಿನ ಬೀಗರು ಟೆಂಪೋ ಮಾಡಿಕೊಂಡು ಬಂದಿಳಿದರು. ಮಗಳ ಅತ್ತೆ, ಅಂದರೆ ನನ್ನ ಬೀಗಿತ್ತಿ, ದೊಡ್ಡ ದನಿಯ, ದೊಡ್ಡ ಮನಸ್ಸಿನ ಹೆಂಗಸು. ಹೊಲದ ಈ ಬದುವಿನಿಂದ ಆ ಬದುವಿಗೆ ಮಾತಾಡಿ ರೂಢಿಯಾದವರು ಪಡಸಾಲೆಯಲ್ಲೂ ಹಾಗೇ ಮಾತಾಡುತ್ತಾರೆ. ಇಳಕಲ್ ಸೀರೆ ಉಟ್ಟು ಕುರ್ಚಿಗಳ ಸಾಲಿನ ತುದಿಗೆ ಕುಳಿತಿದ್ದರು. ಉಡಿ ತುಂಬುವ ಮೊದಲು ಬಂದವರಿಗೆ ಫಳಾರ, ಚಹಾ ಆಗಬೇಕು. ಅಡುಗೆಮನೆಯಲ್ಲಿ ಪರಾತದ ತುಂಬ ಗುಲಾಬಿ, ಹಸಿರು, ಹಳದಿ ತಾವರೆಗಳು ಸಾಲಾಗಿ ಕುಳಿತಿದ್ದವು. ನೋಡಿದರೆ ಕಣ್ಣಿಗೆ ಹಬ್ಬ.

ಒಂದು ಉಂಡಿ, ಒಂದು ಹಿಡಿ ಚೂಡಾ ಸಾಕು ಎಂದು ಮಗಳು ಹೇಳಿದ್ದಳು. ಒಂದು ಉಂಡಿ! ಬೀಗರಿಗೆ ಒಂದು ಉಂಡಿ ಇಟ್ಟರೆ ರಾಮದುರ್ಗ ತಾಲೂಕಿನ ತುಂಬ ನಮ್ಮ ಮನೆಯ ಮಾತು. ನಾನು ಎರಡು ಶೇಂಗಾ ಉಂಡಿ, ಒಂದು ರವೆ ಉಂಡಿ, ಮೇಲೆ ಕರ್ಚಿಕಾಯಿ, ಸುತ್ತಲೂ ಚೂಡಾ ತುಂಬಿದೆ. ತಾವರೆಯ ಎಸಳುಗಳು ಹೊರಗೆ ಬಾಗಿದವು. ಬಾಗಲಿ, ಇನ್ನೂ ಚೆಂದ ಅಂದುಕೊಂಡೆ. ಎಡಗೈಯಲ್ಲಿ ಪರಾತ ಹಿಡಿದು, ಬಲಗೈಯಲ್ಲಿ ಮೊದಲ ಬಟ್ಟಲು ಎತ್ತಿ, ನಗುನಗುತ್ತ ಬೀಗಿತ್ತಿಯ ಮುಂದೆ ಚಾಚಿದೆ.

ಬಟ್ಟಲಿನ ತಳ ಬಿಟ್ಟುಕೊಂಡಿತು. ಚೂಡಾ ಎಲ್ಲ ಇಳಕಲ್ ಸೀರೆಯ ಮಡಿಲಿಗೆ, ಕರ್ಚಿಕಾಯಿ ಅವರ ಪಾದದ ಮೇಲೆ, ಉಂಡಿಗಳು ಉರುಳುತ್ತ ಕುರ್ಚಿಗಳ ಕೆಳಗೆ. ನನ್ನ ಕೈಯಲ್ಲಿ ಗುಲಾಬಿ ಎಸಳಿನ ಒಂದು ಚೂರು ಉಳಿದಿತ್ತು. ನೆಲ ಬಾಯಿ ತೆರೆದರೆ ಒಳಗೆ ಹೋಗುತ್ತಿದ್ದೆ.

“ಮಗಳ ಉಡಿಗಿಂತ ಮೊದಲ ನನ್ನ ಉಡಿ ತುಂಬಿದ್ರಲ್ರಿ ಬೀಗತಿ!” ಎಂದು ಅವರು ಘೊಳ್ಳೆಂದು ನಕ್ಕರು. ಸಾಲೆಲ್ಲ ನಕ್ಕಿತು. ನಾನು ಏನು ಮಾಡಲಿ ತಿಳಿಯದೆ ಎರಡನೆಯ ಬಟ್ಟಲು ಎತ್ತಿದೆ, ಮತ್ತೆ ಒಂದೇ ಕೈಯಲ್ಲಿ.

“ಏಯ್! ಒಂದ ಕೈಲೆ ಕೊಡ್ತಾರೇನ? ಎರಡೂ ಕೈ ಹಚ್ಚವಾ!”

ದನಿ ಒಳಕೋಣೆಯ ಬಾಗಿಲಿನಿಂದ ಬಂದಿತ್ತು. ಪರದೆ ಸರಿಯಿತು. ಅತ್ತೆ ಕಾಲೆಳೆಯುತ್ತ, ಬುಸುಗುಡುತ್ತ, ನೇರ ನನ್ನ ಕಡೆಗೆ ಬಂದರು. ತಮ್ಮ ಮನೆಯಲ್ಲಿ ಬಂದವರ ಬಾಯಿಗೆ ಹೋಗಬೇಕಾದದ್ದು ನೆಲಕ್ಕೆ ಬಿದ್ದಿತ್ತು. ಆ ಹೊತ್ತಿನಲ್ಲಿ ಅವರಿಗೆ ಬೇರೆ ಯಾವುದೂ ನೆನಪಿರಲಿಲ್ಲ ಎಂದು ಈಗಲೂ ನನ್ನ ನಂಬಿಕೆ. ಎಡಗೈಯಿಂದ ಬಲಗೈಯನ್ನು ಎತ್ತಿ ಹೊಟ್ಟೆಗೆ ಒತ್ತಿ ಇಟ್ಟುಕೊಂಡರು. ಆ ಅಂಗೈಯ ಮೇಲೆ ಒಂದು ಹಸಿರು ಬಟ್ಟಲು ಇಟ್ಟರು. ಎಡಗೈಯನ್ನು ಅದರ ಕೆಳಗೆ ಆಸರೆಯಾಗಿ ಕೊಟ್ಟರು.

“ತಳಕ್ಕ ಕೈ ಬೇಕು. ಹಿಂಗ” ಎಂದು ನನಗೆ ಹೇಳಿ, ಬೀಗಿತ್ತಿಯ ಕಡೆ ತಿರುಗಿದರು. “ತಗೋರಿ ತಂಗಿ. ನನ್ನ ಸೊಸಿಗೆ ಕುಪ್ಪಸ ಒಂದ ಬಿಟ್ಟ ಬ್ಯಾರೆ ಗೊತ್ತಿಲ್ಲ.”

ಬೀಗಿತ್ತಿ ಎದ್ದು ನಿಂತು, ಎರಡೂ ಕೈ ಒಡ್ಡಿ ಬಟ್ಟಲು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. “ಆರಾಮ ಅದೀರಿಲ್ಲೋ ಅವ್ವಾರ? ಬಂದಾಗಿಂದ ನಿಮ್ಮನ್ನ ಹುಡಕಾಕತ್ತೇನಿ” ಅಂದರು. ಮತ್ತೆ ಕುಳಿತು ಉಂಡಿ ಮುರಿದು ಬಾಯಿಗೆ ಹಾಕಿಕೊಂಡರು. ಅಷ್ಟೇ. ಯಾರೂ ಆ ಕೈಯನ್ನು ದಿಟ್ಟಿಸಲಿಲ್ಲ, ಯಾರೂ ಅಯ್ಯೋ ಅನ್ನಲಿಲ್ಲ. ಹಿರಿಯ ಹೆಂಗಸೊಬ್ಬರು ಮರ್ಯಾದೆಯಿಂದ ಎರಡು ಕೈಯಲ್ಲಿ ಕೊಟ್ಟರು, ಇವರು ತೆಗೆದುಕೊಂಡರು. ಅತ್ತೆ ತಿಂಗಳುಗಟ್ಟಲೆ ಕೋಣೆಯಲ್ಲಿ ಕುಳಿತು ಅಂಜಿದ್ದ ಮಂದಿ ಇವರೇ ಏನು ಎಂದು ನಾನು ಆ ಸಾಲನ್ನೇ ನೋಡುತ್ತ ನಿಂತುಬಿಟ್ಟೆ.

“ಏನ ನೋಡ್ತಿ? ಪರಾತ ತಗೊಂಡು ಹಿಂದ ಬಾ” ಅಂದರು ಅತ್ತೆ.

ಅವರು ಸಾಲಿನ ಕೊನೆಯವರೆಗೂ ಹೋದರು. ಪ್ರತಿ ಬಟ್ಟಲಿನಿಂದ ನಾನು ಒಂದೊಂದು ಉಂಡಿ ತೆಗೆದು ಭಾರ ಇಳಿಸುವುದು, ಅವರು ಬಲಗೈ ಮೇಲೆ ಇಟ್ಟುಕೊಂಡು ಕೊಡುವುದು. ಕೊಟ್ಟವರೊಂದಿಗೆಲ್ಲ ಎರಡು ಮಾತು. ಯಾರ ಮಗ ಏನು ಓದುತ್ತಾನೆ, ಯಾರ ಮೊಣಕಾಲು ಹೇಗಿದೆ, ಕಟಕೋಳದ ಕಡೆ ಗೋವಿನಜೋಳ ಹೇಗೆ ಬಂದಿದೆ. ಮಣೆಯ ಪಕ್ಕ ಮುಡಿಗೆ ಹೂವಿನ ದಂಡೆ ಕಟ್ಟಿಸಿಕೊಂಡು ನಿಂತಿದ್ದ ಮಗಳು ತುಟಿ ಕಚ್ಚಿ ಹಿಡಿದಿದ್ದಳು. ಕಾಡಿಗೆ ಕೆನ್ನೆಗಿಳಿದಿತ್ತು.

ಅತ್ತೆ ತಿರುಗಿ ಬಂದಾಗ ಅವಳು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು.

ಅತ್ತೆಗೆ ನೆಲಕ್ಕೆ ಕೂಡಲಾಗುವುದಿಲ್ಲ, ಕುರ್ಚಿ ಹಾಕಿದೆವು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಅಡಿಕೆ, ಖಣ ಎಲ್ಲ ಒಂದೊಂದಾಗಿ ಎರಡು ಕೈ ಕೂಡಿಸಿ ಹಾಕಿದರು. ಉಳಿದದ್ದು ಅಕ್ಕಿ. ಅಕ್ಕಿಯನ್ನು ಬೊಗಸೆಯಲ್ಲೇ ಹಾಕಬೇಕು. ಎಡಗೈ ಗುಂಡಗಾಯಿತು, ಬಲಗೈ ಹಲಗೆಯಂತೆ ಚಪ್ಪಟೆಯಾಗಿಯೇ ಇತ್ತು. ಮೊದಲ ಬೊಗಸೆ ಉಡಿ ಮುಟ್ಟುವ ಮೊದಲೇ ಸಂದಿಯಿಂದ ಸುರಿದು ಮಗಳ ಮೊಣಕಾಲ ಮೇಲೆ, ನೆಲದ ಮೇಲೆ ಚೆಲ್ಲಿತು.

“ಚೆಲ್ಲಿತವಾ” ಎಂದು ಅತ್ತೆ ಸಣ್ಣ ದನಿಯಲ್ಲಿ ಅಂದರು. ಅವರ ಎಡಗೈ ಬಲಗೈಯನ್ನು ಹಿಡಿದು ಸೆರಗಿನ ಕಡೆಗೆ ಎಳೆಯತೊಡಗಿತು.

ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಧೈರ್ಯ ಬರುತ್ತಿರಲಿಲ್ಲ. ಕುರ್ಚಿಯ ಪಕ್ಕ ನೆಲಕ್ಕೆ ಕುಳಿತು ನನ್ನ ಕೈಯನ್ನು ಆ ಬಲಗೈಯ ಕೆಳಗೆ ಒಡ್ಡಿ, ಅದರ ಬೆರಳುಗಳನ್ನು ನನ್ನ ಬೆರಳುಗಳಿಂದ ಮೇಲಕ್ಕೆ ಬಾಗಿಸಿದೆ. ಕೊಡವಿಬಿಡುತ್ತಾರೆ ಎಂದು ಕಾಯ್ದೆ. ಕೊಡವಲಿಲ್ಲ. ಕೈ ತಣ್ಣಗಿತ್ತು, ಎಣಿಸಿದ್ದಕ್ಕಿಂತ ಭಾರವಿತ್ತು, ಚರ್ಮ ಕೂಸಿನದರಂತೆ ಮೆತ್ತಗಾಗಿತ್ತು. ಈ ಕೈ ನನ್ನತ್ತ ಬೆರಳು ತೋರಿಸಿ ಬೈದಿದೆ, ಈ ಕೈಯಿಂದ ಉಂಡಿದ್ದೇನೆ, ಇದನ್ನು ಹಿಡಿದದ್ದು ಅಂದೇ ಮೊದಲು.

ಬೀಗಿತ್ತಿ ಅಕ್ಕಿಯ ಮೊರ ಮುಂದೆ ಸರಿಸಿದರು. ಅತ್ತೆಯ ಎಡಗೈ, ನನ್ನ ಕೈಯೊಳಗಿನ ಅವರ ಬಲಗೈ ಕೂಡಿ ಬೊಗಸೆಯಾಯಿತು. ಒಂದು ಹಾಕಿದೆವು, ಎರಡು ಹಾಕಿದೆವು. ಒಂದು ಕಾಳು ಚೆಲ್ಲಲಿಲ್ಲ. ಐದನೆಯ ಬೊಗಸೆಗೆ ಮಗಳ ಉಡಿ ತುಂಬಿ ಭಾರವಾಗಿ ಹೊಟ್ಟೆಗೆ ಆತುಕೊಂಡಿತು. ಆಗ ನನಗೆ ಅಳು ಒತ್ತರಿಸಿ ಬಂತು. ಬೀಗರ ಮುಂದೆ, ಓಣಿಯವರ ಮುಂದೆ, ನಾನು ಹೊಲಿದ ಕುಪ್ಪಸ ತೊಟ್ಟು ಕುಳಿತ ಅಷ್ಟು ಹೆಂಗಸರ ಮುಂದೆ ಗಳಗಳ ಅತ್ತುಬಿಟ್ಟೆ. ಅತ್ತೆಯ ಕೈ ಮಾತ್ರ ಬಿಟ್ಟಿರಲಿಲ್ಲ.

ಅವರು ಬಗ್ಗಿ ನನ್ನ ಮುಖ ನೋಡಿದರು.

“ಕೈ ಬಿಡವಾ,” ಅಂದರು. “ಮಂದಿಗೆ ಕೊಡೂದು ಇನ್ನೂ ಭಾಳ ಐತಿ.”